ಮನುಷ್ಯವಾಸವಿಲ್ಲದ ಕಟ್ಟಡ

ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಒಂದು ಬಾಗಿಲು ಬೇಕು ಎಂಬುದು ಕಂಡಕ್ಟರ್ ಸಾಹೇಬರ ಜೀವಮಾನದ ಆಸೆ. ಆಯುಷ್ಯವೆಲ್ಲ ಬಸ್ಸಿನಲ್ಲಿ ಕಾಲು ತುಳಿಸಿಕೊಂಡು, ನಿವೃತ್ತರಾಗಿ ಮನೆಗೆ ಬಂದರೆ ಅಲ್ಲೂ ಹೆಂಡತಿ, ಅತ್ತೆ, ಇಬ್ಬರು ನಾದಿನಿಯರು. (ಸೀಟು ಖಾಲಿ ಇಲ್ಲ!) ಬಚ್ಚಲಲ್ಲಿ ಕೂತರೂ ಹೊರಗಿನಿಂದ ಯಾರಾದರೂ ಮಾತಾಡಿಸುತ್ತಿದ್ದರು. ಪಾಪ, ಮನುಷ್ಯ ನಿಜಕ್ಕೂ ಸೊರಗಿದ್ದರು.

ಅಷ್ಟರಲ್ಲಿ ಹೆಂಡತಿಯ ಹಸು ಗಬ್ಬವಾಯಿತು. ಕರು ಹಾಕುವ ಹೊತ್ತಿಗೆ ಕೊಟ್ಟಿಗೆ ಎದ್ದಿರಬೇಕು ಎಂದು ಆಕೆಯ ಅಪ್ಪಣೆ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ಕಂಡಕ್ಟರು ಕಟ್ಟಡ ನಿಯಮಾವಳಿಯನ್ನು ಭಕ್ತಿಯಿಂದ ಪಾರಾಯಣ ಮಾಡಿದರು. ವಾಸದ ಮನೆಗೆ ನೂರೆಂಟು ಕಟ್ಟಳೆ. ಕೊಟ್ಟಿಗೆಗಾದರೋ ಗಾಳಿ, ಚರಂಡಿ, ಜಾರದ ನೆಲ ಇದ್ದರೆ ಸಾಕು. ಒಂದೇ ಷರತ್ತು: ಅದರಲ್ಲಿ ಮನುಷ್ಯರು ವಾಸಿಸಕೂಡದು.

ಕೊಟ್ಟಿಗೆ ಎದ್ದಿತು. ಅದರ ಮೂಲೆಯಲ್ಲಿ ಹಲಗೆ ಅಡ್ಡಕಟ್ಟಿದ 'ಮೇವಿನ ಕೋಣೆ'ಯೊಂದೂ ಎದ್ದಿತು.

"ಮೇವಿಗೆ ಕಿಟಕಿ ಯಾಕ್ರೀ?" ಎಂದಳು ಹೆಂಡತಿ.

"ಗಾಳಿ ಆಡ್ಬೇಕು. ಇಲ್ದಿದ್ರೆ ಹುಲ್ಲು ಮುಗ್ಗುತ್ತೆ."

"ಚಿಲಕ ಒಳಗಡೆ ಯಾಕೆ? ಹುಲ್ಲೇ ಎದ್ದು ಬಾಗಿಲು ಹಾಕ್ಕೊಳ್ಳುತ್ತಾ?"

ಕಂಡಕ್ಟರು ಅವಸರವಾಗಿ ನಿಯಮಾವಳಿಯ ಪುಟ ತಿರುವತೊಡಗಿದರು.

ಅಂತೂ ದಿನಾ ಮಧ್ಯಾಹ್ನ ಕಂಡಕ್ಟರು ಅಲ್ಲಿ ಚಿಲಕ ಹಾಕಿಕೊಂಡು ಕೂರತೊಡಗಿದರು. ತಮ್ಮ ಉಸಿರಾಟದ ಸದ್ದನ್ನು ಅವರು ಕೇಳಿದ್ದೇ ಅಲ್ಲಿ. ಪಕ್ಕದಲ್ಲಿ ಹಸು ಮೆಲುಕು ಹಾಕುವುದು, ಮಾತಿಲ್ಲ ಕತೆಯಿಲ್ಲ. ಅದಕ್ಕಿಂತ ಒಳ್ಳೆಯ ಸಹವಾಸ ಅವರಿಗೆ ಸಿಕ್ಕಿರಲಿಲ್ಲ.

ಅಂತಿಮ ಒಪ್ಪಿಗೆಗೆಂದು ಕಟ್ಟಡ ಪರಿಶೀಲನೆಯ ಸಾಹೇಬರು ಬಂದಾಗ ಮೇವಿನ ಕೋಣೆಯಿಂದ ಗೊರಕೆ ಕೇಳುತ್ತಿತ್ತು. ನಗುವನ್ನು ಹುಟ್ಟಿನಲ್ಲೇ ಮರೆತುಬಂದ ಮುಖ ಆ ಸಾಹೇಬರದು. ಬಾಗಿಲು ಬಡಿದರು. ತಲೆತುಂಬ ಹುಲ್ಲು ಹೊತ್ತ ಕಂಡಕ್ಟರು ಹೊರಬಂದರು.

"ಕುರ್ಚಿ, ದಿಂಬು, ಕನ್ನಡಕ. ಇದು ವಾಸದ ಮನೆ. ಆ ಲೆಕ್ಕದಲ್ಲಿ ಏನೂ ಸರಿಯಿಲ್ಲ, ಕೆಡವಬೇಕಾಗುತ್ತೆ."

"ದಿಂಬು ಹಸೂದು ಸಾರ್."

"ಕನ್ನಡಕ?"

ಕಂಡಕ್ಟರು ಕನ್ನಡಕವನ್ನು ಮೆಲ್ಲಗೆ ಜೇಬಿಗೆ ಸೇರಿಸಿದರು.

"ಸರಿಯಾಗಿ ಹೇಳಿ. ಇಲ್ಲಿ ಮನುಷ್ಯರು ಇರ್ತಾರಾ, ಇಲ್ವಾ?"

ಅತ್ತ ದರಿ, ಇತ್ತ ಪುಲಿ. ಹೌದೆಂದರೆ ಕೊಟ್ಟಿಗೆ ನೆಲಸಮ, ದಿನ ತುಂಬಿದ ಹಸು ಬಯಲಿನಲ್ಲಿ. ಇಲ್ಲವೆಂದರೆ ತಮಗೆ ಮತ್ತೆ ಆ ಸಂತೆಯೇ ಗತಿ. ಹಸುವಿನ ಮುಖ ನೋಡಿದರು. ಕಣ್ಣು ತುಂಬಿ ಬಂತು. 'ಇಲ್ಲ' ಎನ್ನಲು ಬಾಯಿ ತೆರೆದರು. ಆದರೆ ಆ ಮನೆಯಲ್ಲಿ ಅವರ ಮಾತು ಯಾವತ್ತು ಮೊದಲು ಹೊರಟದ್ದಿದೆ?

"ಮನುಷ್ಯರಾ? ಯಾರೂ ಇಲ್ಲ ಸಾರ್," ಎಂದಳು ಹೆಂಡತಿ. "ಇವರೊಬ್ರು ಹೊಟ್ಟೆತುಂಬ ತಿಂದು ಬಂದು ಬಿದ್ಕೋತಾರೆ. ಕರೆದ್ರೆ ಓಗೊಡಲ್ಲ, ಗದರಿದ್ರೆ ಕಿವಿ ಅಲ್ಲಾಡಿಸಲ್ಲ."

ಸಾಹೇಬರು ಕಂಡಕ್ಟರ ಸುತ್ತ ಗಂಭೀರವಾಗಿ ಒಂದು ಸುತ್ತು ಬಂದರು.

"ಹಾಯೋದು, ಒದೆಯೋದು ಇದೆಯಾ?"

"ಅಯ್ಯೋ, ಬಲು ಸಾಧು ಸಾರ್."

"ಹಾಗಾದ್ರೆ ಜಾನುವಾರು ಎರಡು ಅಂತ ಬರ್ಕೋತೀನಿ. ಇಲ್ಲಿ ಸಹಿ ಹಾಕಿ."

ಮಾನ ದೊಡ್ಡದೋ ಚಿಲಕ ದೊಡ್ಡದೋ ಎಂದು ಕಂಡಕ್ಟರು ಒಂದು ಗಳಿಗೆ ತೂಗಿ ನೋಡಿದರು. ಆಮೇಲೆ ಸಹಿ ಹಾಕಿದರು.

ಹೊರಟ ಸಾಹೇಬರು ಗೇಟಿನ ಬಳಿ ನಿಂತು ತಿರುಗಿದರು.

"ಇನ್ನೊಂದು ವಿಷಯ ಅಮ್ಮ. ವಾಸದ ಮನೆಯೊಳಗೆ ಜಾನುವಾರು ಬಿಟ್ಕೊಳ್ಳೋ ಹಾಗಿಲ್ಲ. ಊಟಕ್ಕೂ ಅಷ್ಟೇ."

"ಇಲ್ಲೇ ತಂದು ಹಾಕ್ತೀನಿ ಬಿಡಿ ಸಾರ್," ಎಂದಳು ಹೆಂಡತಿ.