ಬಕೆಟ್ಟಿನ ಮೇಲೊಂದು ಕುಂಕುಮ

ನಮ್ಮ ಸೋದರತ್ತೆಯಂಥ ದಡ್ಡ ರಾಜಕಾರಣಿ ಈ ಭರತಖಂಡದಲ್ಲಿ ಇನ್ನೊಬ್ಬರಿದ್ದರೆ ಕರೆದುಕೊಂಡು ಬನ್ನಿ, ನನ್ನ ಅಂಗಡಿಯ ಜೆರಾಕ್ಸ್ ಮೆಷಿನ್ನನ್ನು ನಿಮ್ಮ ಹೆಸರಿಗೆ ಬರೆದುಕೊಡುತ್ತೇನೆ! ಎಲೆಕ್ಷನ್ನಿಗೆ ನಿಲ್ಲುವವರು ಯಾರಿಗೋಸ್ಕರ ನಿಲ್ಲುತ್ತಾರೆ? ಓಟಿದ್ದವರಿಗೋಸ್ಕರ. ನಮ್ಮತ್ತೆ ನಿಂತದ್ದು ಓಟೇ ಇಲ್ಲದವರಿಗೋಸ್ಕರ. ಎದುರಾಳಿಯನ್ನು ಬೈಯುವುದು ಪ್ರಚಾರದ ಮೊದಲ ಪಾಠವಲ್ಲವೇ? ನಮ್ಮತ್ತೆ ದಿನಾ ಬೆಳಿಗ್ಗೆ ಎದುರಾಳಿಯ ಅಡುಗೆಮನೆಯಲ್ಲೇ ಕೂತು ಕಾಫಿ ಕುಡಿದು ಪ್ರಚಾರಕ್ಕೆ ಹೊರಡುತ್ತಿದ್ದಳು. ಆ ಎಲೆಕ್ಷನ್ನಿನ ಫಲಿತಾಂಶದ ಕತೆ ಹೇಳುವಾಗ ನನ್ನ ಎದೆ ಮಾತ್ರ ಇವತ್ತಿಗೂ ಉಬ್ಬುತ್ತದೆ.

ನಮ್ಮೂರು ಎಲೆಕ್ಟ್ರಾನಿಕ್ ಸಿಟಿ ದಾಟಿ ಒಳಗೆ ಬಂದರೆ ಸಿಗುತ್ತದೆ. ಗಾಜಿನ ಕಟ್ಟಡಗಳು ನಮ್ಮ ಕೆರೆಯ ಆಚೆ ದಡದವರೆಗೂ ಬಂದು ನಿಂತಿವೆ. ಈಚೆ ದಡದಲ್ಲಿ ಇನ್ನೂ ಗ್ರಾಮ ಪಂಚಾಯ್ತಿ. ಮಾವ ತೀರಿಕೊಂಡ ಮೇಲೆ ಅತ್ತೆ ಉಳಿದ ತುಂಡು ಹೊಲದಲ್ಲಿ ಶೀಟಿನ ಮನೆಗಳ ಸಾಲು ಕಟ್ಟಿಸಿ ಬಾಡಿಗೆಗೆ ಕೊಟ್ಟಳು. ಬಂದವರೆಲ್ಲ ರಾಯಚೂರು, ಯಾದಗಿರಿ ಕಡೆಯವರು. ಗಂಡಸರು ಕಟ್ಟಡದ ಕೆಲಸಕ್ಕೆ, ಹೆಂಗಸರು ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ. ಸಂಜೆ ಬಸ್ಸಿಳಿದ ಹೆಂಗಸರು ಮನೆ ಸೇರಬೇಕಾದರೆ ಕೆರೆ ಏರಿಯ ಮೇಲೆ ನಡೆದು ಬರಬೇಕು. ಏರಿಯ ಮೇಲೆ ಒಂದು ದೀಪವಿಲ್ಲ. ಒಂದು ಸಂಜೆ ರಾಯಚೂರಿನ ಹೆಂಗಸೊಬ್ಬಳು ಕತ್ತಲಲ್ಲಿ ಜಾರಿ ಏರಿಯಿಂದ ಕೆಳಗುರುಳಿ ಕಾಲು ಮುರಿದುಕೊಂಡಳು. ಮೂಳೆ ಕೂಡಿತು, ಕುಂಟು ಉಳಿಯಿತು.

ಅವತ್ತಿನಿಂದ ಅತ್ತೆಗೆ ಹುಚ್ಚು ಹಿಡಿಯಿತು. ಮಾವನ ಕಾಲದ ಮೂರು ಸೆಲ್ಲಿನ ಟಾರ್ಚು ಹಿಡಿದು ದಿನಾ ಸಂಜೆ ಏರಿಯ ಮೇಲೆ ನಿಲ್ಲತೊಡಗಿದಳು. ಕೊನೆಯ ಬಸ್ಸಿನ ಹೆಂಗಸರು ದಾಟುವವರೆಗೆ ಕದಲುತ್ತಿರಲಿಲ್ಲ. ಆಚೆ ದಡದ ಅಪಾರ್ಟ್‌ಮೆಂಟಿನಿಂದ ವಾಕಿಂಗ್ ಬಂದ ಒಬ್ಬ ಪುಣ್ಯಾತ್ಮ, ಕಿವಿಗೆ ಏನೋ ಸಿಕ್ಕಿಸಿಕೊಂಡವನು, ಇವಳನ್ನು ಕಾವಲಿನವಳೆಂದು ತಿಳಿದು, "ಸೆಕ್ಯೂರಿಟಿ, ಗೇಟ್ ಎಲ್ಲಿ?" ಎಂದನಂತೆ.

"ಈ ಕೆರೆಗೆ ಗೇಟು ಇಡ್ಸಿಲ್ಲ ಕಣಪ್ಪ," ಎಂದಳಂತೆ ಅತ್ತೆ, "ಅದುಕ್ಕೇ ನೀವೆಲ್ಲಾ ಒಳೀಕ್ ಬಂದಿರೋದು!"

ಟಾರ್ಚು ಹಿಡಿದು ಕೈ ಸೋತ ಮೇಲೆ ಪಂಚಾಯ್ತಿಗೆ ಹೋಗಿ ಕಂಬ ಕೇಳಿದಳು. ಅಲ್ಲಿದ್ದ ಯಾರೋ, "ಅಲ್ಲಿರೋರ ಓಟೆಲ್ಲಾ ಅವ್ರ ಊರಲ್ಲೈತಲ್ಲಮ್ಮ, ಇಲ್ಲಿ ಕಂಬ ಯಾಕೆ?" ಎಂದರು.

"ಓಟ್ ಇಲ್ದೋರ್ಗೆ ಕಣ್ಣೂ ಇರಕಿಲ್ವಾ?" ಎಂದವಳೇ ನೆಟ್ಟಗೆ ನನ್ನ ಅಂಗಡಿಗೆ ಬಂದು, "ಲೋ, ನಾಮಿನೇಶನ್ ಅಂದ್ರೆ ಏನೇನ್ ಬೇಕ್ಲಾ?" ಎಂದಳು.

ಇಲ್ಲಿ ಒಂದು ತೊಡಕಿತ್ತು. ನಮ್ಮ ವಾರ್ಡು ಆ ಸಲ ಮಹಿಳೆಯರಿಗೆ ಮೀಸಲು. ಅತ್ತೆಯ ಮೈದುನ, ಅಂದರೆ ನಮ್ಮ ಚಿಕ್ಕಮಾವ, ಆಗಲೇ ಹೆಂಡತಿಯನ್ನು ನಿಲ್ಲಿಸಿಬಿಟ್ಟಿದ್ದ. ನಿಲ್ಲಿಸಿದ ಎಂದರೆ ಅಕ್ಷರಶಃ ನಿಲ್ಲಿಸಿದ. ಚಿಕ್ಕತ್ತೆಯನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಪೋಸ್ಟರಿನಲ್ಲಿ ಅವನ ಫೋಟೊ ತಿಂಡಿ ತಟ್ಟೆಯಷ್ಟು, ಅವಳದು ಸ್ಟಾಂಪಿನಷ್ಟು. ಹೀಗೆ ಒಂದೇ ಮನೆಯ ವಾರಗಿತ್ತಿಯರು ಎದುರುಬದುರಾದರು.

ವಾರಗಿತ್ತಿಯರೆಂದರೆ ಹಾವು ಮುಂಗುಸಿ ಎಂದುಕೊಂಡಿರಾ? ಎಲ್ಲಿ ಬಂತು! ಅತ್ತೆ ಪಾಂಪ್ಲೆಟ್ ಬರೆಸಲು ಬಂದು ಕೂತಳು. ಮೊದಲ ಸಾಲು, "ಕೆರೆ ಏರಿಗೆ ದೀಪ ಹಾಕಿಸುತ್ತೇನೆ." ಸರಿ, ಬರೆದೆ. ಎರಡನೆಯ ಸಾಲು, "ನನ್ನೆದುರು ನಿಂತಿರುವವಳೂ ಬಲು ಒಳ್ಳೆಯವಳು, ಮುದ್ದೆಯನ್ನು ಗಂಟಿಲ್ಲದಂತೆ ತೊಳಸುತ್ತಾಳೆ." ನಾನು ಪೆನ್ನು ಕೆಳಗಿಟ್ಟೆ.

"ಅತ್ತೆ, ಇದು ನಿನ್ ಪಾಂಪ್ಲೆಟ್ಟಾ, ಅವರದಾ?"

"ಇರೋದ್ನ ಬರ್ಯೋಕೆ ನಿಂಗೇನ್ಲಾ ಕಷ್ಟ? ನಾಳೆ ನಾನ್ ಗೆದ್ರೂ ಅವ್ಳ್ ಕೈಲಿ ಮುದ್ದೆ ಉಣ್ಬ್ಯಾಡ್ವಾ?"

ಆ ಸಾಲನ್ನು ನಾನು ಅಚ್ಚು ಹಾಕಲಿಲ್ಲ. ಅತ್ತೆ ಅದನ್ನು ಮನೆಮನೆಗೆ ಹೋಗಿ ಬಾಯಲ್ಲೇ ಹೇಳಿಬಂದಳು!

ಇಷ್ಟು ಗಟ್ಟಿಗಿತ್ತಿ ಹೆದರುವುದು ಒಂದೇ ಒಂದು ವಸ್ತುವಿಗೆ: ಕುಂಕುಮದ ಬಟ್ಟಲು. ಮಾವ ಹೋದಾಗಿನಿಂದ ಅವಳ ಹಣೆ ಬರಿದು. ಮದುವೆಮನೆಯಲ್ಲಾಗಲಿ ಗೃಹಪ್ರವೇಶದಲ್ಲಾಗಲಿ ಕುಂಕುಮದ ಬಟ್ಟಲು ಹೊರಗೆ ಬಂತೋ, ಅತ್ತೆಗೆ ಒಲೆಯ ಮೇಲೆ ಹಾಲಿಟ್ಟು ಬಂದದ್ದು ನೆನಪಾಗುತ್ತದೆ. ಯಾರ ಕೈಯಲ್ಲಾದರೂ "ನಿಂಗಲ್ಲ" ಎನ್ನಿಸಿಕೊಳ್ಳುವ ಮೊದಲೇ ಎದ್ದು ಹೋಗಿಬಿಡುತ್ತಾಳೆ. ಇದೊಂದನ್ನು ನಾವು ಯಾರೂ ಅವಳೊಂದಿಗೆ ತಮಾಷೆ ಮಾಡುವುದಿಲ್ಲ.

ಚಿಕ್ಕಮಾವನ ಪ್ರಚಾರವೇ ಬೇರೆ. ಚಿಹ್ನೆ ಸಿಗುವುದಕ್ಕೆ ಮೊದಲೇ ಆತ ಪೀಣ್ಯದ ಯಾವುದೋ ಪ್ಲಾಸ್ಟಿಕ್ ಕಾರ್ಖಾನೆಯಿಂದ ಒಂದು ಟೆಂಪೊ ತುಂಬಾ ಬಕೆಟ್ಟು ತರಿಸಿದ್ದ. ಮನೆಗೊಂದು ಬಕೆಟ್ಟು, ಒಳಗೆ ಒಂದು ರವಿಕೆ ಕಣ, ಒಂದು ಪೊಟ್ಟಣ ಕುಂಕುಮ. ಎಲ್ಲ ಸಿದ್ಧ. ಆಮೇಲೆ ಚಿಹ್ನೆ ಹಂಚಿದರು. ಚಿಕ್ಕತ್ತೆಗೆ ಛತ್ರಿ. ನಮ್ಮತ್ತೆಗೆ? ಬಕೆಟ್ಟು!

ಅವತ್ತು ಚಿಕ್ಕಮಾವನ ಮುಖ ನೋಡಬೇಕಿತ್ತು ನೀವು. ಟೆಂಪೊಗಟ್ಟಲೆ ಎದುರಾಳಿಯ ಚಿಹ್ನೆಯನ್ನು ತನ್ನ ಮನೆಯಲ್ಲೇ ಬಚ್ಚಿಟ್ಟುಕೊಂಡ ಅಭ್ಯರ್ಥಿಯ ಗಂಡ ಇನ್ನೆಲ್ಲಿ ಸಿಕ್ಕಾನು? ವಾಪಸು ಕೊಡೋಣವೆಂದರೆ ಕಾರ್ಖಾನೆಯವರು ತಗೊಳ್ಳಲೊಲ್ಲರು. ಕೊನೆಗೆ ನನ್ನ ಅಂಗಡಿಗೇ ಓಡಿ ಬಂದ.

"ಲೋ ಅಳಿಮಯ್ಯ, ಛತ್ರಿ ಸ್ಟಿಕ್ಕರ್ ಮಾಡ್ಕೊಡೋ. ಬಕೆಟ್ ಮ್ಯಾಲೆ ಅಂಟುಸ್ಬಿಟ್ರೆ ಯಾವನ್ಗೂ ಬಕೆಟ್ ಕಾಣಕಿಲ್ಲ."

ವ್ಯಾಪಾರ ವ್ಯಾಪಾರವೇ. ಮಾಡಿಕೊಟ್ಟೆ. ಊರೆಲ್ಲ ಛತ್ರಿ ಅಂಟಿಸಿದ ಬಕೆಟ್ಟುಗಳು ಹಂಚಿಹೋದವು. ಮೊದಲ ಸ್ನಾನಕ್ಕೇ ಛತ್ರಿ ಕಳಚಿ ಬಚ್ಚಲಿನಲ್ಲಿ ಹರಿದುಹೋಯಿತು, ಬಕೆಟ್ಟು ಉಳಿಯಿತು. ಸ್ಟಿಕ್ಕರಿನ ಅಂಟು ಕಳಪೆಯಾಗಿತ್ತು ಎಂದು ಆತ ಇವತ್ತಿಗೂ ನನ್ನನ್ನು ಬೈಯುತ್ತಾನೆ. ಅಂಟಿನ ವಿಷಯದಲ್ಲಿ ನಾನು ಏನನ್ನೂ ಹೇಳಬಯಸುವುದಿಲ್ಲ.

ಬಕೆಟ್ಟು ಕೊಟ್ಟು ಸುಮ್ಮನಾದನೇ? ಮನೆದೇವರ ಫೋಟೊ ಮೇಲೆ ಕೈ ಇಡಿಸಿ, "ಛತ್ರಿಗೇ ಹಾಕ್ತೀನಿ" ಎಂದು ಎಲ್ಲರ ಹತ್ತಿರ ಆಣೆ ಹಾಕಿಸಿಕೊಂಡಿದ್ದ. ನಮ್ಮ ಕಡೆ ಜನ ಬಕೆಟ್ಟಿಗೆ ಬಗ್ಗುವುದಿಲ್ಲ, ಆಣೆಗೆ ಬಗ್ಗುತ್ತಾರೆ. ಅತ್ತೆ ಏನು ಮಾಡಿದಳು ಗೊತ್ತೇ? ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಮನೆಮನೆಗೆ ಹೋಗಿ, ಮಕ್ಕಳಿಗೆ ದೃಷ್ಟಿ ತೆಗೆಯುವ ಹಾಗೆ ಜನರ ಆಣೆ ತೆಗೆದಳು! ಮುಖದ ಮುಂದೆ ಮೂರು ಸುತ್ತು ಇಳಿಸಿ, ಒಲೆಗೆ ಹಾಕಿ, "ಇಳೀತು. ಇನ್ ನಿನ್ ಮನ್ಸು ನಿಂದು. ಯಾರ್ಗಾರಾ ಆಕು" ಎನ್ನುವಳು. ತನಗೆ ಹಾಕಿ ಎಂದು ಬಾಯಿತಪ್ಪಿಯೂ ಅನ್ನಲಿಲ್ಲ. ಒಬ್ಬ ಮುದುಕಪ್ಪ ಮಾತ್ರ ಗಾಬರಿಯಾಗಿ ಕೇಳಿದನಂತೆ:

"ಅಂಗಾರೆ ಬಕೆಟ್ಟೂ ವಾಪಸ್ ಕೊಡ್ಬೇಕೇನವ್ವ?"

"ಅದು ನಂದೇ ಚಿಹ್ನೆ, ಇಟ್ಕೊ," ಎಂದಳಂತೆ.

ಪ್ರಚಾರದ ದಿನಗಳಲ್ಲೂ ಸಂಜೆಯ ಟಾರ್ಚು ತಪ್ಪಲಿಲ್ಲ. ಒಮ್ಮೆ ನಾನೂ ಜೊತೆಗಿದ್ದೆ. ಕಾಲು ಮುರಿದುಕೊಂಡಿದ್ದ ರಾಯಚೂರಿನ ಹೆಂಗಸು ಕುಂಟುತ್ತ ಬಂದು ನಿಂತಳು. "ನಮ್ಮ ಸಲುವಾಗಿ ಯಾಕ ಜೀವಾ ತೇಯ್ತೀರಿ ಅಮ್ಮಾರ? ನಮ್ಮ ಓಟು ಊರಾಗ ಐತ್ರಿ. ನಿಮಗ ಒಂದು ಓಟೂ ಹಾಕಾಕ ಆಗಂಗಿಲ್ಲ."

"ನಿನ್ ಓಟ್ ಯಾರ್ ಕೇಳುದ್ರು? ಕೆಳಗ್ ನೋಡ್ಕಂಡು ನಡಿ, ಕಲ್ಲೈತೆ," ಎಂದು ಅತ್ತೆ ಅವಳ ಕಾಲಿನ ಮುಂದೆ ಬೆಳಕು ಬಿಟ್ಟಳು. ಇವಳು ಗೆಲ್ಲಲೇಬೇಕು ಎಂದು ಅವತ್ತು ಮೊದಲ ಬಾರಿಗೆ ನಿಜವಾಗಿ ಅನ್ನಿಸಿತು.

ಎಣಿಕೆ ತಾಲ್ಲೂಕಿನ ಕಾಲೇಜಿನಲ್ಲಿ. ಅತ್ತೆಯ ಪರವಾಗಿ ಏಜೆಂಟು ನಾನು, ಎದುರಿಗೆ ಚಿಕ್ಕಮಾವ. ನಮ್ಮಲ್ಲಿ ಓಟು ಕಾಗದದ ಮೇಲೆ ಮುದ್ರೆ ಒತ್ತಿ ಹಾಕುವುದು. ಬಕೆಟ್ಟಿಗೊಂದು ಕಟ್ಟು, ಛತ್ರಿಗೊಂದು ಕಟ್ಟು. ಎರಡೂ ಜೊತೆಜೊತೆಗೇ ಏರುತ್ತಿದ್ದವು. ಚಿಕ್ಕಮಾವನ ಹಣೆಯಲ್ಲಿ ಬೆವರು. ನಾನು ಮನೆದೇವರಿಗೆ ಹರಕೆಯ ಮೇಲೆ ಹರಕೆ ಹೊರುತ್ತಿದ್ದೆ. ಆಗ ಮೇಜಿನ ಮೇಲೆ ಒಂದು ಓಟು ಬಿಚ್ಚಿಕೊಂಡಿತು. ಬಕೆಟ್ಟಿಗೆ ಸರಿಯಾಗಿ ಮುದ್ರೆ ಬಿದ್ದಿದೆ. ಜೊತೆಗೆ ಆ ಬಕೆಟ್ಟಿನ ನಟ್ಟನಡುವೆ, ಹೊಸ ಪಾತ್ರೆ ಮನೆಗೆ ತಂದಾಗ ಇಡುತ್ತೇವಲ್ಲ, ಹಾಗೆ ದುಂಡಗೆ ಒಂದು ಕುಂಕುಮದ ಬೊಟ್ಟು!

ಅಧಿಕಾರಿ ಕನ್ನಡಕ ಸರಿಮಾಡಿಕೊಂಡರು. "ಇದು ಕುಲಗೆಟ್ಟ ಮತ. ಗುರುತು ಹಾಕಿದ್ದಾರೆ."

"ಸಾರ್, ಅದು ಗುರುತಲ್ಲ ಸಾರ್, ಪೂಜೆ!" ಎಂದು ಕೂಗಿದೆ.

"ರೂಲ್ಸಲ್ಲಿ ಪೂಜೆ ಇಲ್ಲ ಕಣ್ರೀ," ಎಂದು ಅವರು ಅದನ್ನು ಪಕ್ಕಕ್ಕಿಟ್ಟರು.

ಇಟ್ಟರು, ನಮ್ಮ ಕತೆ ಮುಗಿಯಿತು. ಎಣಿಕೆ ಮುಗಿದಾಗ ಅತ್ತೆ ಒಂದೇ ಒಂದು ಓಟಿನಿಂದ ಸೋತಿದ್ದಳು. ಆ ಕುಂಕುಮದ ಓಟು ಉಳಿದಿದ್ದರೆ ಸಮಸಮವಾಗಿ, ಚೀಟಿ ಎತ್ತುತ್ತಿದ್ದರು. ಮತ್ತೆ ಎಣಿಸಿ ಎಂದೆ. ಎಣಿಸಿದರು. ಅಷ್ಟೇ.

ದಾರಿಯುದ್ದಕ್ಕೂ ಆ ಕುಂಕುಮದ ಮಹಾತಾಯಿಗೆ ಶಾಪ ಹಾಕುತ್ತ ಊರಿಗೆ ಬಂದೆ. ಆ ಬೊಟ್ಟು ಅತ್ತೆಯದಂತೂ ಅಲ್ಲ, ಅವಳು ಕುಂಕುಮ ಮುಟ್ಟುವವಳಲ್ಲ. ಸುದ್ದಿ ಕೇಳಿದಾಗ ಅತ್ತೆಯ ಕೆಳತುಟಿ ಒಮ್ಮೆ ಅದುರಿದ್ದು ಕಂಡೆ. ಆಮೇಲೆ ಗೋಡೆಯ ಗಡಿಯಾರ ನೋಡಿ ಟಾರ್ಚು ಎತ್ತಿಕೊಂಡಳು.

"ಅತ್ತೆ, ಇವತ್ತಾದ್ರೂ ಬಿಡು!"

"ಸೋತಿದ್ದು ನಾನು. ಬಸ್ಸು ಬಂದೇ ಬರ್ತದಲ್ಲ."

ಏರಿಯ ಮೇಲೆ ನಾವಿಬ್ಬರು ನಿಂತಿದ್ದಾಗ ಊರೊಳಗೆ ಪಟಾಕಿ, ತಮಟೆ. ಆ ಗದ್ದಲದಿಂದ ಯಾರೋ ನಮ್ಮ ಕಡೆ ದಾಪುಗಾಲಲ್ಲಿ ಬರುತ್ತಿದ್ದರು. ನೋಡಿದರೆ ಚಿಕ್ಕತ್ತೆ! ಕೊರಳಲ್ಲಿ ಇನ್ನೂ ಮೆರವಣಿಗೆಯ ಹಾರ. ಬಂದವಳೇ ಅತ್ತೆಯ ಕೈ ಹಿಡಿದುಕೊಂಡಳು.

"ಅಕ್ಕಾ, ಆ ಕುಂಕುಮ ನಂದು."

ಗೆದ್ದವಳ ಓಟೇ ಸೋತವಳಿಗೆ ಬಿದ್ದಿತ್ತು!

"ನಾನ್ ಸೋತ್ರೆ ನಮ್ಮನೇಲಿ ಒಂದಿನ ಬೈಗುಳ, ಅಷ್ಟೇಯ. ನೀನ್ ಸೋತ್ರೆ ಈ ಕತ್ಲು ಇಂಗೇ ಇರ್ತದಲ್ಲಕ್ಕ. ನಿಂಗೇ ಒತ್ತಿದೆ. ಪೊಟ್ಣದ ಕುಂಕ್ಮ ಸೊಂಟದಾಗಿತ್ತು. ನಿನ್ ಬಕೆಟ್ ನೋಡ್ದೆ, ಒಳ್ಳೇದಾಗ್ಲಿ ಅಂತ ಒಂದ್ ಬೊಟ್ಟು ಇಟ್ಬುಟ್ಟೆ. ನಾನೇ ನಿನ್ನ ಸೋಲುಸ್ಬುಟ್ನಲ್ಲಕ್ಕಾ!" ಎಂದು ಆ ಹಾರದ ಸಮೇತ ಗೊಳೋ ಎಂದು ಅತ್ತಳು.

ಅತ್ತೆ ಮೊದಲು ಅವಳನ್ನೇ ನೋಡಿದಳು. ಆಮೇಲೆ ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ಕೆರೆಯ ಕೊಕ್ಕರೆಗಳು ಹಾರಿಹೋಗುವ ಹಾಗೆ ನಕ್ಕಳು. ಅಷ್ಟರಲ್ಲಿ ಬಸ್ಸು ಬಂದು ನಿಂತ ಸದ್ದಾಯಿತು. ಅತ್ತೆ ಟಾರ್ಚನ್ನು ಚಿಕ್ಕತ್ತೆಯ ಕೈಗೆ ತುರುಕಿದಳು.

"ಅಳೋದ್ ಬಿಡು. ಮೆಂಬ್ರು ನೀನು. ಇಡ್ಕೊ."

ಅವತ್ತು ಗಾರ್ಮೆಂಟ್ಸಿನ ಹೆಂಗಸರಿಗೆ ಹೊಸ ಮೆಂಬರ್ರು, ಹಾರ ಹಾಕಿಕೊಂಡು, ಮೂಗು ಸುರಿಸುತ್ತ ಟಾರ್ಚು ಹಿಡಿದು ದಾರಿ ತೋರಿಸಿದರು. ಯಾವ ದೇಶದ ಪ್ರಜಾಪ್ರಭುತ್ವದಲ್ಲಿ ಉಂಟು ಇಂಥ ಪ್ರಮಾಣವಚನ?

ಆಮೇಲೆ ಚಿಕ್ಕತ್ತೆ ಚಿಕ್ಕತ್ತೆಯಾಗಿ ಉಳಿಯಲಿಲ್ಲ. ಮೀಟಿಂಗಿಗೆ ತನ್ನ ಬದಲು ಹೊರಟ ಗಂಡನನ್ನು ಹೊಸ್ತಿಲಲ್ಲೇ ತಡೆದು, "ಓಟು ನನ್ ಹೆಸರ್ಗೆ ಬಿದ್ದೈತೆ" ಎಂದು ತಾನೇ ಹೋದಳು. ಹೋದಲ್ಲೆಲ್ಲ ಪಕ್ಕದ ಕುರ್ಚಿಯಲ್ಲಿ ಅತ್ತೆ. ಒಬ್ಬರನ್ನು ಆರಿಸಿದರೆ ಇಬ್ಬರು ಬರುತ್ತಾರೆಂದು ಪಂಚಾಯ್ತಿಯವರಿಗೇನು ಗೊತ್ತಿತ್ತು, ಪಾಪ! ಇಬ್ಬರ ಕಾಟ ತಾಳಲಾರದೆ ಕೊನೆಗೂ ಏರಿಯ ಮೇಲೆ ಕಂಬ ನೆಟ್ಟರು, ಬಲ್ಬು ಹಾಕಿದರು.

ದೀಪ ಹಚ್ಚುವ ಸಂಜೆ ಊರೇ ಏರಿಯ ಮೇಲಿತ್ತು. ಸ್ವಿಚ್ಚು ಒತ್ತು ಎಂದರೆ ಅತ್ತೆ ಒಪ್ಪಲಿಲ್ಲ. ರಾಯಚೂರಿನ ಹೆಂಗಸನ್ನು ಮುಂದೆ ತಳ್ಳಿದಳು. ಅವಳು ಒತ್ತಿದಳು. ಏರಿ ಈ ತುದಿಯಿಂದ ಆ ತುದಿಯವರೆಗೆ ಬೆಳಗಿತು. ಚಿಕ್ಕತ್ತೆ ಮೊದಲ ಕಂಬಕ್ಕೆ ಪೂಜೆ ಮಾಡಲು ಕುಂಕುಮದ ಬಟ್ಟಲು ತೆಗೆದಳು. ತೆಗೆದದ್ದೇ ತಡ, ಅತ್ತೆ ನನ್ನ ಕಡೆ ತಿರುಗಿ, "ಲೋ, ಒಲೆ ಮ್ಯಾಲೆ ಆಲಿಟ್ಟು ಬಂದಿವ್ನಿ ಕಣ್ಲಾ" ಎಂದು ಸರಸರ ಹೊರಟಳು.

ಚಿಕ್ಕತ್ತೆ ಓಡಿಬಂದು ಅವಳ ಸೆರಗು ಹಿಡಿದಳು.

"ಎಲ್ಲೋಯ್ತೀಯಾ? ಬಕೆಟ್ಗೆ ಇಟ್ಟಿದ್ದು ಕುಲಗೆಟ್ಟೋಯ್ತು. ಇದ್ನಾದ್ರೂ ಸರ್ಯಾಗ್ ಇಡ್ತೀನಿ. ಮಕ ಎತ್ತಕ್ಕ."

ಅತ್ತೆ ಮುಖ ಎತ್ತಲಿಲ್ಲ. ನೆಲ ನೋಡುತ್ತಲೇ ನಿಂತಿದ್ದಳು. ಆಗ ರಾಯಚೂರಿನ ಹೆಂಗಸು ಕುಂಟುತ್ತ ಬಂದು, ಮಗುವಿಗೆ ಹಿಡಿದ ಹಾಗೆ ಅವಳ ಗಲ್ಲ ಹಿಡಿದು, "ಎತ್ರಿ ಅಮ್ಮಾರ" ಎಂದಳು. ಚಿಕ್ಕತ್ತೆ ಬೊಟ್ಟಿಟ್ಟಳು. ದುಂಡಗೆ, ನಟ್ಟನಡುವೆ.

ಮನೆಗೆ ಬರುವಾಗ ಏರಿಯ ತುಂಬಾ ಬೆಳಕಿದ್ದರೂ ಅತ್ತೆಯ ಕೈಯಲ್ಲಿ ಟಾರ್ಚು ಉರಿಯುತ್ತಲೇ ಇತ್ತು. ಸ್ವಲ್ಪ ದೂರ ನಡೆದು ನಿಂತಳು. ಟಾರ್ಚನ್ನು ತನ್ನ ಮುಖಕ್ಕೇ ತಿರುಗಿಸಿಕೊಂಡು, ಎಂದೂ ಇಲ್ಲದ ಸಣ್ಣ ದನಿಯಲ್ಲಿ ನನ್ನನ್ನು ಕೇಳಿದಳು:

"ಅಳುಸ್ಬುಡ್ಲೇನ್ಲಾ?"

"ಅಳಿಸಿದ್ರೆ ರೀಕೌಂಟಿಂಗ್ ಕೇಳ್ತೀನಿ ಅತ್ತೆ," ಎಂದೆ.

ಅತ್ತೆ ಅಳಿಸಲಿಲ್ಲ.