ಎಂಟು ಬೈ ಹದಿನಾರರ ಮನೆ

ಮೂವತ್ತೊಂದು ವರ್ಷ ಮಕ್ಕಳಿಗೆ ವಿಸ್ತೀರ್ಣದ ಲೆಕ್ಕ ಕಲಿಸಿದವನು ನಾನು. ಉದ್ದವನ್ನು ಅಗಲದಿಂದ ಗುಣಿಸಿದರೆ ಎಷ್ಟು ಜಾಗ ಇದೆ ಎಂದು ಗೊತ್ತಾಗುತ್ತದೆ ಅಂತ ನಾನೂ ನಂಬಿದ್ದೆ, ಮಕ್ಕಳನ್ನೂ ನಂಬಿಸಿದ್ದೆ. ಅವರಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಕ್ಷಮಿಸಬೇಕು. ಒಂದು ಮನೆಯಲ್ಲಿ ಜಾಗ ಎಷ್ಟಿದೆ ಅನ್ನುವುದು ಗುಣಾಕಾರದಿಂದ ತಿಳಿಯುವ ಸಂಗತಿಯಲ್ಲ. ಅದನ್ನು ಆ ಮನೆಯ ಹೆಂಗಸನ್ನು ಕೇಳಿ ತಿಳಿದುಕೊಳ್ಳಬೇಕು. ನಾನು ಕೇಳಲಿಲ್ಲ.

ಶುರುವಾದದ್ದು ನಿವೃತ್ತಿಯಾದ ಮೇಲೆ. ಕೆಲಸವಿಲ್ಲದ ಗಣಿತದ ಮೇಷ್ಟ್ರ ಕೈಗೆ ಮೊಬೈಲು ಸಿಕ್ಕರೆ ಏನಾಗಬಾರದೋ ಅದೇ ಆಯಿತು. ಒಂದು ವಿಡಿಯೋದಲ್ಲಿ ಯಾವುದೋ ದೇಶದ ಗಂಡ ಹೆಂಡತಿ ಒಂದು ಪೆಟ್ಟಿಗೆಯಷ್ಟು ದೊಡ್ಡ ಮನೆಯಲ್ಲಿ ಸುಖವಾಗಿದ್ದರು. ಅವರ ಮೆಟ್ಟಿಲೊಳಗೆ ಬಟ್ಟೆ ಇತ್ತು, ಗೋಡೆಯಿಂದ ಮೇಜು ಇಳಿಯುತ್ತಿತ್ತು, ಮಂಚ ಗೋಡೆಗೆ ಮಡಚಿಕೊಳ್ಳುತ್ತಿತ್ತು. ಅದನ್ನು ನೋಡಿ ನೋಡಿ ಕಲಬುರಗಿಯ ಜೇವರ್ಗಿ ಕಾಲೋನಿಯ ನಮ್ಮ ನಾಲ್ಕು ಕೋಣೆಯ ಮನೆ ನನಗೆ ಗೋದಾಮಿನ ಹಾಗೆ ಕಾಣಿಸತೊಡಗಿತು. ಅಟ್ಟದ ಮೇಲೆ ಮುಚ್ಚಳವಿಲ್ಲದ ಮೂರು ಕುಕ್ಕರು, ಕುಕ್ಕರಿಲ್ಲದ ಒಂದು ಮುಚ್ಚಳ. "ಮನುಷ್ಯನಿಗೆ ಬೇಕಾದದ್ದು ಎಷ್ಟು ಮಹಾದೇವಿ? ಮೂರು ಚೀಲ!" ಎಂದು ಹೆಂಡತಿಗೆ ದಿನಾ ಉಪದೇಶ ಮಾಡತೊಡಗಿದೆ. ಆಕೆ ಹಳೆ ಸೀರೆಗಳಿಂದ ಹೊಲಿದ ಕೌದಿಗಳನ್ನು ಒಂದೊಂದಾಗಿ ಮಡಚುತ್ತಾ, "ಮೊದ್ಲ ಆ ಕೌದಿ ಮ್ಯಾಲಿಂದ ಏಳ್ರಿ, ಆಮ್ಯಾಲ ಮೂರೋ ನಾಲ್ಕೋ ನೋಡೂಣು" ಅಂದಳು.

ಹಾಗೆ ನೋಡಿದರೆ ಸಣ್ಣ ಮನೆ ನನಗೆ ಹೊಸದಲ್ಲ. ನಾನು ಬೆಳೆದದ್ದು ಕೋಟೆಯ ಹತ್ತಿರದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ಹನ್ನೊಂದು ಜನರ ನಡುವೆ. ಯಾರಾದರೂ ಹೊರಳಿದರೆ ಎಲ್ಲರೂ ಹೊರಳಬೇಕಿತ್ತು. ನಾನು ಪರೀಕ್ಷೆಗೆ ಓದಿದ್ದೆಲ್ಲ ಜೋಳದ ಚೀಲದ ಮೇಲೆ ಕುಳಿತು. ಜೋಳ ಖಾಲಿಯಾಗುತ್ತಾ ಬಂದ ಹಾಗೆ ನನ್ನ ಆಸನ ಇಳಿಯುತ್ತಿತ್ತು, ಮಾರ್ಚಿ ತಿಂಗಳಲ್ಲಿ ನೆಲಕ್ಕೇ ಬಂದಿರುತ್ತಿದ್ದೆ. ಅದರ ಚಿತ್ರವನ್ನು ಯಾರೂ ಬಂದು ತೆಗೆಯಲಿಲ್ಲ. ಬಡವರು ಮಾಡಿದರೆ ಇಕ್ಕಟ್ಟು, ಪಿಂಚಣಿ ಇರುವವರು ಮಾಡಿದರೆ ಸರಳ ಜೀವನ.

ಕಮಲಾಪುರದಲ್ಲಿ ನಮ್ಮದೊಂದು ತುಂಡು ಜಾಗವಿದೆ, ಬಸಣ್ಣ ಎಂಬ ರೈತರ ಕೆಂಪು ಬಾಳೆಯ ತೋಟಕ್ಕೆ ಅಂಟಿಕೊಂಡು. ಅಲ್ಲಿ ಎಂಟು ಅಡಿ ಅಗಲ, ಹದಿನಾರು ಅಡಿ ಉದ್ದದ ಮನೆ ಮಾಡಿಸಿ, ಜೇವರ್ಗಿ ಕಾಲೋನಿ ಮನೆ ಬಾಡಿಗೆಗೆ ಕೊಟ್ಟು, ಉಳಿದ ಆಯುಷ್ಯವನ್ನು ಅಲ್ಲೇ ಕಳೆಯುವುದು ನನ್ನ ಯೋಜನೆ. ಮಹಾದೇವಿ ಜಗಳವಾಡಲಿಲ್ಲ. ಜಗಳವಾಡಿದ್ದರೆ ನಾನು ಉಳಿಯುತ್ತಿದ್ದೆನೋ ಏನೋ. "ಕಟ್ಟಸ್ರಿ. ಎಂಟು ದಿನ ಇದ್ದು ನೋಡ್ತೀನಿ. ನಾ ಹೂಂ ಅಂದ್ರ ಅಲ್ಲೇ ಇರೂಣು, ಒಲ್ಲೆ ಅಂದ್ರ ಆ ಡಬ್ಬಿ ಬಸಣ್ಣಗ ಬಾಳಿಹಣ್ಣ ಇಡಾಕ ಕೊಟ್ಟು ಸುಮ್ನ ಮನಿಗಿ ಬರೂದು" ಅಂದಳು. ನಾನೂ ಹುರುಪಿನಿಂದ ಒಂದು ಷರತ್ತು ಸೇರಿಸಿದೆ: ಆ ಎಂಟು ದಿನ ಊರಿನ ಮನೆಯಿಂದ ಒಂದು ಸಾಮಾನೂ ತರಬಾರದು, ಕಮಲಾಪುರದಿಂದ ಒಂದು ಸಾಮಾನೂ ಒಯ್ಯಬಾರದು. ಅವಳ ಅಡುಗೆ ಸಾಮಾನಿನ ಮೇಲೆ ಕಣ್ಣಿಟ್ಟು ಹಾಕಿದ ಷರತ್ತು ಅದು.

ನಂದೂರಿನಲ್ಲಿ ಬೇಳೆ ಮಿಲ್ಲುಗಳಿಗೆ ಶೆಡ್ಡು ಹಾಕುವ ರಶೀದ್ ಮಿಸ್ತ್ರಿಯವರ ಹತ್ತಿರ ನಕ್ಷೆ ಒಯ್ದೆ. ಅವರು ಬಹಳ ಹೊತ್ತು ನೋಡಿ ತಲೆ ಆಡಿಸಿದರು. "ಬಹುತ್ ಅಚ್ಛಾ ಅದ ಸರ್. ಚೌಕಿದಾರನ ಖೋಲಿ ಇದಾತು. ಮನೀದು ನಕ್ಷಾ ಎಲ್ಲಿ ಅದರಿ?"

"ಇದೇ ಮನಿ."

ಅವರು ಹಾಳೆ ತಿರುಗಿಸಿ ಹಿಂದುಗಡೆ ನೋಡಿದರು. ಅಲ್ಲಿ ಏನೂ ಇರಲಿಲ್ಲ. "ಅಕ್ಕಾರು ಒಪ್ಯಾರೇನ್ರಿ?" ಎಂದು ದನಿ ತಗ್ಗಿಸಿ ಕೇಳಿದರು. ಒಪ್ಪಿದ್ದಾರೆ ಅಂದೆ. "ಬ್ಯಾಸಿಗ್ಯಾಗ ತಗಡಿನ ಒಳಗ ಕುಂತ್ರ ಬ್ಯಾಳಿ ಕುದ್ದಂಗ ಕುದೀತೀರಿ, ಮ್ಯಾಲ ಹುಲ್ಲಿನ ಛಪ್ಪರ ಹಾಕ್ತೀನಿ" ಎಂದು ಅವರೇ ಕರುಣೆ ತೋರಿಸಿದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ನಾನು ಕಾಲು ಅಳೆದು ಕೊಟ್ಟೇ ಹಾಸಿಗೆ ಮಾಡಿಸಿದೆ. ಗೋಡೆಗೆ ಮಡಚುವ ಮಂಚ, ಮಂಚದ ಕೆಳಗೆ ಖಾನೆ, ಖಾನೆಯ ಬಾಗಿಲೇ ಊಟದ ಮೇಜು. ಒಂದು ಇಂಚೂ ದಂಡವಾಗಿರಲಿಲ್ಲ.

ಎಡವಿದ್ದು ಗೃಹಪ್ರವೇಶದಲ್ಲಿ. ಹಾಲು ಉಕ್ಕಿಸಿ ಮುಗಿಸೋಣ ಅಂದೆ. "ಹೊಸಾ ಮನಿಗಿ ನಾಕ ಮಂದಿ ಕರೀಲಿಲ್ಲ ಅಂದ್ರ ಮನಿ ಅನ್ನೂದಿಲ್ರಿ, ಡಬ್ಬಿ ಅಂತಾರ" ಎಂದಳು ಮಹಾದೇವಿ. ಸರಿ, ಹನ್ನೆರಡು ಮನೆಗೆ ಫೋನು ಮಾಡಿದೆ, ಮನೆಗೊಬ್ಬರಂತೆ ಹನ್ನೆರಡು ಜನ ಎಂದು ಲೆಕ್ಕ. ಆದರೆ ಹನ್ನೆರಡು ಸಲವೂ ಫೋನು ಇಡುವ ಮುಂಚೆ ನನ್ನ ನಾಲಿಗೆ ತಾನಾಗಿಯೇ "ಮನಿಮಂದಿ ಎಲ್ಲಾರೂ ಬರ್ರಿ ಮತ್ತ" ಅಂದುಬಿಟ್ಟಿತು. ನಮ್ಮ ಕಡೆ ಹಾಗನ್ನದೆ ಕರೆದರೆ ಸಂಬಂಧಕ್ಕೇ ಕತ್ತರಿ ಹಾಕಿದ ಹಾಗೆ. ಜೊತೆಗೆ "ಆಯಾರ ಗೀಯಾರ ಏನೂ ತರಬ್ಯಾಡ್ರಿ" ಅಂತಲೂ ಹೇಳಿದೆ. ಆಯಾರ ಎಂದರೆ ಶುಭಕಾರ್ಯಕ್ಕೆ ಬಂದವರು ಮನೆಯವರಿಗೆ ಮಾಡುವ ಉಡುಗೊರೆ, ಸೀರೆ, ಪಾತ್ರೆ ಪಡಗ. ತರಬೇಡಿ ಎಂದು ನಿಜವಾಗಿಯೂ ಬೇಡವಾಗಿ ಹೇಳಿದವನು ನಮ್ಮ ಸೀಮೆಯಲ್ಲಿ ಇದುವರೆಗೆ ಯಾರೂ ಹುಟ್ಟಿರಲಿಲ್ಲ. ಬೇಡ ಎಂದು ಬಾಯಿಬಿಟ್ಟು ಹೇಳಿದ್ದಾರೆಂದರೆ ದೊಡ್ಡದನ್ನೇ ಒಯ್ಯಬೇಕು ಎಂದು ಎಲ್ಲರೂ ಅರ್ಥಮಾಡಿಕೊಂಡರು.

ಆ ದಿನ ಮೂರು ಟೆಂಪೋ, ಒಂದು ಟ್ರ್ಯಾಕ್ಟರ್ ತುಂಬ ಮಂದಿ ಬಂದಿಳಿದರು. ಮನೆ ಎಲ್ಲಿ ಎಂದು ಕೇಳುತ್ತಾ ನಾಲ್ಕಾರು ಜನ ಮನೆಯನ್ನೇ ದಾಟಿ ಬಾಳೆ ತೋಟದೊಳಗೆ ಹೋಗಿದ್ದರು. ಮೊದಲು ಆಕಳು ಒಳಗೆ ಹೋಗಬೇಕಲ್ಲ, ಬಸಣ್ಣ ತಮ್ಮ ಆಕಳಿಗೆ ಕುಂಕುಮ ಹಚ್ಚಿ ಹಿಡಿದುಕೊಂಡು ಬಂದರು. ಅದು ತಲೆ ಹಾಕಿತು, ಕೊರಳು ಹಾಕಿತು, ಹೊಟ್ಟೆಯ ಹತ್ತಿರ ಬಂದು ನಿಂತಿತು. ಬಾಗಿಲನ್ನು ನಾನು ನನ್ನ ಹೊಟ್ಟೆ ಅಳೆದು ಮಾಡಿಸಿದ್ದೆ. ಮುಂದಿನ ಅರ್ಧ ಗೃಹಪ್ರವೇಶ ಮಾಡಿ ಪೂಜೆಗಿಟ್ಟ ಕೆಂಪು ಬಾಳೆಹಣ್ಣಿನ ಚಿಪ್ಪು ತಿನ್ನುತ್ತಿತ್ತು, ಹಿಂದಿನ ಅರ್ಧ ಬಿಸಿಲಲ್ಲಿ ಬಾಲ ಬೀಸುತ್ತಿತ್ತು. "ಹಿಂದ ಜಗ್ರಿ!" ಎಂದು ನಾನು ಕೂಗಿದೆ. "ಹಿಂದ ನಡಿಯಾಕ ಇದು ಟೆಂಪೋ ಏನ್ರಿ ಸರ? ಹಣ್ಣ ಮುಗದ ಮ್ಯಾಲ ತಾನ ಬರ್ತದ, ನಿಂದರ್ರಿ" ಅಂದರು ಬಸಣ್ಣ. ಮಹಾದೇವಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಾಳೆ ಗಿಡದ ಮರೆಗೆ ಹೋದಳು. ಅಳುತ್ತಿದ್ದಾಳೆಂದು ಸಮಾಧಾನ ಮಾಡಲು ಹೋದೆ. ನಗುತ್ತಿದ್ದಳು.

ಊಟ ಗಿಡಗಳ ನಡುವೆ ಚೆನ್ನಾಗಿಯೇ ಆಯಿತು, ಗೋಧಿ ಹುಗ್ಗಿಗೆ ಎಲ್ಲರೂ ಎರಡೆರಡು ಸಲ ಕೈ ಒಡ್ಡಿದರು. ಮಂದಿ ಹೋದ ಮೇಲೆ ಒಳಗೆ ಹೋಗೋಣವೆಂದರೆ ಹೋಗಲು ದಾರಿಯೇ ಇಲ್ಲ. ನೆಲದಿಂದ ತಗಡಿನವರೆಗೆ ಆಯಾರ. ಸ್ಟೀಲಿನ ಕೊಡಗಳು, ಹಿತ್ತಾಳೆಯ ಹಂಡೆ, ಐವತ್ತು ಮಂದಿಗೆ ಅನ್ನ ಮಾಡುವ ಪಾತೇಲಿ, ಆರು ಗೋಡೆ ಗಡಿಯಾರ, ಹೂವಿನ ಕಂಬಳಿಗಳು. ಮಡಚುವ ಮಂಚ ಮಡಚಿಯೇ ಇತ್ತು, ಅದನ್ನು ಬಿಚ್ಚಬೇಕೆಂದರೆ ಯಾರೋ ತಂದಿಟ್ಟ ಕಪಾಟು ಆಚೆ ಹೋಗಬೇಕು. ಆಯಾರವನ್ನು ಹಿಂದಿರುಗಿಸುವಂತಿಲ್ಲ, ಕೊಟ್ಟವರಿಗೆ ಅವಮಾನ. ಊರಿಗೆ ಒಯ್ಯುವಂತಿಲ್ಲ, ಷರತ್ತು ನನ್ನದೇ. ಮಹಾದೇವಿ ನನ್ನ ಮುಖ ನೋಡಿದಳು. ಈಕೆ ಇನ್ನು ಒಲ್ಲೆ ಅನ್ನುತ್ತಾಳೆ, ನನ್ನ ಕನಸು ಬಾಳೆಹಣ್ಣಿನ ಪಾಲಾಗುತ್ತದೆ ಅಂದುಕೊಂಡೆ.

ಸೋಲಬಾರದೆಂದು ರಶೀದ್ ಮಿಸ್ತ್ರಿಯವರಿಗೆ ಫೋನು ಮಾಡಿದೆ. ಅವರು ಮರುದಿನ ಬಂದು ಪಕ್ಕದಲ್ಲೇ ಒಂದು ಶೆಡ್ಡು ನಿಲ್ಲಿಸಿದರು. ಮನೆಗಿಂತ ಅದು ದೊಡ್ಡದಾಯಿತು. "ನಾ ಅವತ್ತೇ ಕೇಳಿದ್ನೆಲ್ರಿ, ಮನಿ ನಕ್ಷಾ ಎಲ್ಲಿ ಅಂತ" ಎಂದು ನಗುತ್ತಾ ಹೋದರು. ಸಾಮಾನೆಲ್ಲ ಅಲ್ಲಿಗೆ ಸಾಗಿಸಿದೆ. ಶೆಡ್ಡಿಗೆ ಬಾಗಿಲಿರಲಿಲ್ಲ, ತೋಟದ ತುಂಬ ಮಂಗಗಳು. ಯಾರಾದರೂ ಕಾಯಬೇಕಲ್ಲ? "ನೀವೇ ಅಲ್ಲಿ ಮಲಕೋರಿ, ಬಾಗಿಲ ಹಚ್ಚೂತನ" ಅಂದಳು ಮಹಾದೇವಿ. ಪರೀಕ್ಷೆ ಬರೆಯುತ್ತಿರುವವನು ಮೇಲ್ವಿಚಾರಕರ ಮಾತು ಮೀರಬಾರದು. ಕಂಬಳಿ ರಾಶಿಯ ಮೇಲೆ ಮಲಗಿದೆ. ಆರು ಗಡಿಯಾರಗಳು ಆರು ಹೊತ್ತು ತೋರಿಸುತ್ತಾ ನನ್ನ ಸುತ್ತ ಟಿಕ್ ಟಿಕ್ ಅನ್ನುತ್ತಿದ್ದವು.

ಎಂಟು ದಿನ ಮಹಾದೇವಿ ಆ ಮನೆಯಲ್ಲಿ ಒಬ್ಬಳೇ ಇದ್ದಳು. ಕಸ ಗುಡಿಸಲು ನಾಲ್ಕು ನಿಮಿಷ, ಒರೆಸಲು ಐದು. ಆಮೇಲೆ ಹೊಸ್ತಿಲ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದಳು. ಮಧ್ಯಾಹ್ನ ನಿದ್ದೆ ಮಾಡುತ್ತಿದ್ದಳು. ಸಂಜೆ ಬಸಣ್ಣನವರ ಹೆಂಡತಿಯ ಜೊತೆ ಶೇಂಗಾ ಸುಲಿಯುತ್ತಾ ಏನೋ ಹೇಳಿಕೊಂಡು ನಗುತ್ತಿದ್ದಳು. ಮದುವೆಯಾದಾಗಿನಿಂದ ನಾನು ಆಕೆಯನ್ನು ಇಷ್ಟು ಆರಾಮಾಗಿ ನೋಡಿರಲಿಲ್ಲ. ಶೆಡ್ಡಿನಿಂದ ಅದನ್ನೆಲ್ಲ ನೋಡುತ್ತಾ ನನಗೆ ಸಂತೋಷವೂ ಆಯಿತು, ಒಂದಿಷ್ಟು ಹೊಟ್ಟೆಕಿಚ್ಚೂ ಆಯಿತು.

ಒಂಬತ್ತನೆಯ ದಿನ ಬೆಳಿಗ್ಗೆ ಕಿಟಕಿಯ ಹತ್ತಿರ ನಿಂತು ಕೇಳಿದೆ, "ಏನಂತೀ ಮಹಾದೇವಿ? ಹೂಂ ಏನು, ಒಲ್ಲೆ ಏನು?"

"ಹೂಂ ಅಂತೀನ್ರಿ. ಅಲ್ಲಿ ಮನಿ ಬಾಡಿಗಿಗಿ ಕೊಡ್ರಿ" ಅಂದಳು. ನಾನು ಕುಣಿದಾಡುವುದೊಂದು ಬಾಕಿ. "ಹಂಗಂದ್ರ ಶೆಡ್ಡಿಗಿ ಬಾಗಿಲ ಹಚ್ಚಿ ನಾನೂ ಇಲ್ಲೇ ಬರ್ತೀನಿ" ಅಂದೆ.

ಆಕೆ ಲೋಟಕ್ಕೆ ಚಹಾ ಬಗ್ಗಿಸಿದಳು. "ನೋಡ್ರಿ, ಮದಿವಿಯಾದ ಮ್ಯಾಲ ನನಗಂತ ಒಂದು ಖೋಲಿ ಇದ್ದಿದ್ದೇ ಇಲ್ಲ. ಅತ್ತಿಯವರ ಖೋಲಿ, ಮಕ್ಕಳ ಖೋಲಿ, ನಿಮ್ಮ ಓದೂ ಖೋಲಿ. ನಾ ಅಡಗಿ ಮನ್ಯಾಗ ಇದ್ದೆ. ಇದು ಸಣ್ಣ ಮನಿ ಅಲ್ರೀ. ನೀವು ಒಳಗ ಬಂದ್ರ ಸಣ್ಣದಾಗ್ತದ" ಎಂದಳು. ಸಿಟ್ಟಿನಿಂದ ಅಂದಿದ್ದರೆ ವಾದ ಮಾಡುತ್ತಿದ್ದೆ. ಆಕೆ ಅದನ್ನು ಚಹಾದ ಲೋಟ ಕಿಟಕಿಯಿಂದ ನನ್ನ ಕೈಗೆ ಕೊಡುತ್ತಾ ಅಷ್ಟು ಪ್ರೀತಿಯಿಂದ ಅಂದಳು. ಚಹಾ ಕುಡಿದೆ.

ಹೀಗೆ ನಾನು ಗೆದ್ದೆ. ಶೆಡ್ಡಿಗೆ ಈಗ ಬಾಗಿಲಿದೆ, ಒಂದು ಫ್ಯಾನಿದೆ, ಹಂಡೆ ಬೋರಲು ಹಾಕಿ ಅದರ ಮೇಲೆ ಇದನ್ನು ಬರೆಯುತ್ತಿದ್ದೇನೆ. ಸಣ್ಣ ಮನೆಯ ಸುದ್ದಿ ಕೇಳಿ ಆಗಾಗ ಯಾರಾದರೂ ನೋಡಲು ಬರುತ್ತಾರೆ. ನಿನ್ನೆಯೂ ಕಲಬುರಗಿಯಿಂದ ಹಳೆಯ ಸಹೋದ್ಯೋಗಿಯೊಬ್ಬರು ಹೆಂಡತಿಯೊಂದಿಗೆ ಬಂದಿದ್ದರು. ಗೋಡೆಗೆ ಮಡಚುವ ಮಂಚ, ಮಂಚದ ಕೆಳಗಿನ ಖಾನೆ, ಎಲ್ಲವನ್ನೂ ಹೊರಗೆ ನಿಂತೇ ಕೈ ಬೀಸಿ ವರ್ಣಿಸಿ, "ಬರ್ರಿ, ಒಳಗ ತೋರಸ್ತೀನಿ" ಎಂದು ಅವರನ್ನು ಕರೆದುಕೊಂಡು ಹೋಗಿ ಬಾಗಿಲು ತಟ್ಟಿದೆ. ಒಳಗಿನಿಂದ ಮಹಾದೇವಿಯ ದನಿ ಬಂತು: "ಅವರಿಬ್ರೂ ಬರ್ಲಿ. ನೀವು ನೋಡೀರಲ್ಲ."