ಕಪ್ಪು ಫ್ಲೆಕ್ಸಿನಲ್ಲಿ ನನ್ನ ಫೋಟೋ

ನಲವತ್ತು ದಾಟಿದ ಮನುಷ್ಯನಿಗೆ ಕಾಲೇಜಿನ ಗೆಳೆಯನೊಬ್ಬ ಫೋನ್ ಮಾಡಿ, "ಏನಿಲ್ಲ ಮಾರಾಯ, ಸುಮ್ನೆ ಮಾಡ್ದೆ" ಎಂದರೆ, ಅವನ ನೆಮ್ಮದಿಯ ದಿನಗಳು ಅಲ್ಲಿಗೆ ಮುಗಿದವು ಎಂದು ತಿಳಿಯಬೇಕು. ಏನೂ ಇಲ್ಲದೆ ಯಾರೂ ಫೋನ್ ಮಾಡುವುದಿಲ್ಲ. ವಿಮೆ ಪಾಲಿಸಿ ಇರುತ್ತದೆ, ಇಲ್ಲವೇ ಸೈಟು ಇರುತ್ತದೆ. ಅಂಥದ್ದಾಗಿದ್ದರೆ ನಾನು ಹೇಗೋ ತಪ್ಪಿಸಿಕೊಳ್ಳುತ್ತಿದ್ದೆ. ಶಿಕಾರಿಪುರದಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟುಕೊಂಡವನಿಗೆ ತಪ್ಪಿಸಿಕೊಳ್ಳುವ ಮಾತುಗಳು ಬಾಯಿಪಾಠವಾಗಿರುತ್ತವೆ. ಆದರೆ ಸೊರಬದಲ್ಲಿ ಶಾಮಿಯಾನ ಮತ್ತು ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುವ ಗಿರೀಶ ಹೇಳಿದ್ದು ಬೇರೆಯೇ. "ನಮ್ ಬ್ಯಾಂಡು ಮತ್ತೆ ಸ್ಟೇಜ್ ಹತ್ಬೇಕು ಕಣೋ ಚಂದ್ರು. ಒಂದೇ ಒಂದು ಹಾಡನ್ನಾದ್ರೂ ಜನರ ಎದ್ರಿಗೆ ಪೂರ್ತಿ ಮುಗಿಸ್ಬೇಕು."

ಇದಕ್ಕೆ ನಾನು ಒಪ್ಪಿಬಿಟ್ಟೆ. ಯಾಕೆಂದರೆ ನಾವು ಎಂದೂ ಯಾವ ಹಾಡನ್ನೂ ಪೂರ್ತಿ ಮುಗಿಸಿದವರಲ್ಲ.

ನಾವು ಕಾಲೇಜಿನಲ್ಲಿದ್ದಾಗ ಪಾಪ್ ಪಂಕ್, ಎಮೋ ಎಂಬ ಎರಡು ಬಗೆಯ ಪರದೇಶದ ಸಂಗೀತ ಸಿ.ಡಿ.ಯಿಂದ ಸಿ.ಡಿ.ಗೆ ಕಾಪಿಯಾಗುತ್ತ ನಮ್ಮ ಹಾಸ್ಟೆಲಿನವರೆಗೂ ಬಂದಿತ್ತು. ನನಗೆ ತಿಳಿದಷ್ಟು ಹೇಳುತ್ತೇನೆ. ಪಾಪ್ ಪಂಕ್ ಎಂದರೆ ದುಃಖವನ್ನು ಕುಣಿಯುತ್ತ ಹೇಳಿಕೊಳ್ಳುವುದು. ಎಮೋ ಎಂದರೆ ಅದೇ ದುಃಖವನ್ನು ನಿಂತಲ್ಲೇ ನಿಂತು ಕಿರುಚಿ ಹೇಳಿಕೊಳ್ಳುವುದು. ಎರಡಕ್ಕೂ ಕಪ್ಪು ಅಂಗಿ ಬೇಕು, ಕೂದಲನ್ನು ಒಂದು ಕಣ್ಣಿನ ಮೇಲೆ ಇಳಿಬಿಟ್ಟುಕೊಳ್ಳಬೇಕು, ಫೋಟೋದಲ್ಲಿ ನಗಬಾರದು. ಗಿರೀಶ ಗಿಟಾರು ಹಿಡಿದು ಹಾಡುತ್ತಿದ್ದ, ನಾನು ಡ್ರಮ್ಸ್ ಬಾರಿಸುತ್ತಿದ್ದೆ. ಮೂರನೆಯವನೊಬ್ಬ ಇದ್ದ, ಕೂದಲು ಬಿಡಲು ಅವರಪ್ಪ ಒಪ್ಪದ್ದರಿಂದ ಬಿಟ್ಟುಹೋದ. ಇಂಗ್ಲಿಷಿನಲ್ಲಿ ಅಳುವಷ್ಟು ಇಂಗ್ಲಿಷ್ ನಮಗೆ ಬಾರದ ಕಾರಣ ಗಿರೀಶ ಕನ್ನಡದಲ್ಲೇ ಹಾಡು ಕಟ್ಟಿದ. ಹಾಡಿನ ತುಂಬ ಯಾರೋ ನಮ್ಮನ್ನು ಬಿಟ್ಟು ಹೋಗಿರುತ್ತಿದ್ದರು. ನಿಜ ಹೇಳಬೇಕೆಂದರೆ ನಮ್ಮನ್ನು ಬಿಟ್ಟು ಹೋಗುವಷ್ಟು ಹತ್ತಿರಕ್ಕೆ ಯಾರೂ ಬಂದಿರಲಿಲ್ಲ. ಹಾಸ್ಟೆಲಿನ ಸಾಂಬಾರು ಬಿಟ್ಟರೆ ನಮಗೆ ಬೇರೆ ದುಃಖವೇ ಇರಲಿಲ್ಲ. ಈಗ ದುಃಖಗಳು ಬೇಕಾದಷ್ಟಿವೆ, ಆದರೆ ಕಣ್ಣಿನ ಮೇಲೆ ಇಳಿಬಿಡಲು ತಲೆಯಲ್ಲಿ ಏನೂ ಉಳಿದಿಲ್ಲ.

ಕಾಲೇಜ್ ಡೇ ದಿನ ನಮ್ಮ ಹಾಡು ಅರ್ಧಕ್ಕೆ ಬಂದಾಗ ಮೈಕು ನಿಂತಿತು. ಕರೆಂಟು ಹೋಯಿತು ಎಂದುಕೊಂಡೆವು. ಫ್ಯಾನುಗಳು ತಿರುಗುತ್ತಲೇ ಇದ್ದವು. ಮತ್ತೊಂದು ಕಾಲೇಜಿನಲ್ಲಿ ಪಲ್ಲವಿ ದಾಟುವ ಮೊದಲೇ ನಿರೂಪಕಿ ವೇದಿಕೆಗೆ ಬಂದು ನಮಗೆ ಧನ್ಯವಾದ ಹೇಳಿಬಿಟ್ಟಳು. ಒಂದು ಗಣಪತಿ ಪೆಂಡಾಲಿನಲ್ಲಿ ಹಿರಿಯರೊಬ್ಬರು ಗಿರೀಶನ ಬೆನ್ನು ಸವರಿ, "ಎಲ್ಲಿ ನೋವಾಗ್ತೈತಿ ಹೇಳಪ್ಪಾ" ಎಂದು ಕೇಳಿ ಕೆಳಗಿಳಿಸಿದರು. ಹೀಗೆ ನಮ್ಮ ಬ್ಯಾಂಡು ಮುರಿಯಿತು.

ಗಿರೀಶನ ಹೊಸ ಯೋಜನೆ ಏನೆಂದರೆ, ಆ ಕಾಲದಲ್ಲಿ ನಮ್ಮ ಜಿಲ್ಲೆಯ ಸುತ್ತಮುತ್ತ ಹೀಗೆ ಕಿರುಚಿಕೊಂಡಿದ್ದ ಹಳೆಯ ತಂಡಗಳನ್ನೆಲ್ಲ ಹುಡುಕಿ ಸೊರಬದ ಸಮುದಾಯ ಭವನದಲ್ಲಿ ಒಂದು ದಿನದ ಹಬ್ಬ ಮಾಡುವುದು. ಹುಡುಕಿದಾಗ ನಮ್ಮನ್ನು ಬಿಟ್ಟು ಸಿಕ್ಕಿದ್ದು ಎರಡೇ ತಂಡ, ಒಂದು ಶಿವಮೊಗ್ಗದ್ದು, ಒಂದು ದಾವಣಗೆರೆಯದ್ದು. ಇಂಥ ಹಬ್ಬಗಳಿಗೆ ಲೈನಪ್ ಎಂದು ಒಂದು ಪಟ್ಟಿ ಹೊರಡಿಸುತ್ತಾರೆ. ಅದರಲ್ಲಿ ಹೆಚ್ಚು ಹೆಸರಾದವರ ಹೆಸರು ದೊಡ್ಡದಾಗಿಯೂ ಉಳಿದವರದ್ದು ಕ್ರಮವಾಗಿ ಸಣ್ಣದಾಗಿಯೂ ಇರುತ್ತದೆ. ಮೂರೂ ತಂಡಗಳು ಸಮನಾಗಿ ಅಪರಿಚಿತವಾದ್ದರಿಂದ ಗಿರೀಶ ನಮ್ಮದನ್ನೇ ದೊಡ್ಡದು ಮಾಡಿ, "ಮಧ್ಯಾಹ್ನ ಆದ್ರೆ ಜನ ಊಟಕ್ಕೆ ಎದ್ದು ಹೋಗ್ತಾರೆ" ಎಂದು ಬೆಳಗ್ಗೆಯೇ ನಮ್ಮ ಸರದಿ ಇಟ್ಟು, ಉಳಿದೆರಡು ತಂಡಗಳಿಗೆ ಊಟದ ಹೊತ್ತಿಗೆ ಬರಲು ಹೇಳಿದ. ಆಮೇಲೆ ಫ್ಲೆಕ್ಸ್ ಅಂಗಡಿಗೆ ಹೋದ.

ಮುಂದೆ ನಡೆದದ್ದು ಯಾರ ತಪ್ಪು ಎಂದು ನಾನು ಸಾಕಷ್ಟು ಯೋಚಿಸಿದ್ದೇನೆ. ಫ್ಲೆಕ್ಸ್ ಅಂಗಡಿಯವನದ್ದು ಎನ್ನಲಾರೆ. ಅವನ ಕಂಪ್ಯೂಟರಿನಲ್ಲಿ ಮೊದಲೇ ಮಾಡಿಟ್ಟ ಡಿಸೈನುಗಳಿರುತ್ತವೆ. ನಾಯಕರ ಹುಟ್ಟುಹಬ್ಬಕ್ಕೆ ಒಂದು, ಗೃಹಪ್ರವೇಶಕ್ಕೆ ಒಂದು, ಆರತಕ್ಷತೆಗೆ ಒಂದು. ಗಿರೀಶ ಹೋಗಿ, "ಪೂರ್ತಿ ಕಪ್ಪಿರ್ಬೇಕು. ಫೋಟೋ ಎಲ್ಲ ಕಪ್ಪು ಬಿಳುಪು. ಯಾರೂ ನಗ್ತಿರಬಾರ್ದು" ಎಂದಿದ್ದಾನೆ. ನಮ್ಮ ಸೀಮೆಯ ಯಾವುದೇ ಫ್ಲೆಕ್ಸ್ ಅಂಗಡಿಯಲ್ಲಿ ಈ ಲಕ್ಷಣಗಳಿರುವ ಡಿಸೈನು ಒಂದೇ ಇರುವುದು. ಅವನು ಅದನ್ನು ತೆಗೆದ. ಪ್ರತಿ ಫೋಟೋದ ಕೆಳಗೆ ಹೆಸರು, ತಂಡ ಹುಟ್ಟಿದ ಇಸವಿ, ಒಂದು ಅಡ್ಡಗೆರೆ, ತಂಡ ಮುರಿದ ಇಸವಿ. ಮೇಲೆ 'ಮರೆಯದ ನೆನಪು' ಎಂಬ ಶೀರ್ಷಿಕೆ. ಕೆಳಗೆ ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ, ಸಮುದಾಯ ಭವನ, ಎಲ್ಲರೂ ಬನ್ನಿ. ಮೂಲೆಯಲ್ಲಿ ಉರಿಯುವ ದೀಪವೊಂದು ಆ ಡಿಸೈನಿನಲ್ಲೇ ಇತ್ತು. ತೆಗೆಯಲೇ ಎಂದು ಅವನು ಕೇಳಿದ್ದನಂತೆ. ಗಿರೀಶ, "ಇರ್ಲಿ, ಜೋಶ್ ಇದೆ" ಎಂದನಂತೆ.

ನಾನು ಇದೊಂದನ್ನೂ ನೋಡಿರಲಿಲ್ಲ. ಅಂಬ್ಲಿಗೊಳ ಜಲಾಶಯದಿಂದ ಕಾಲುವೆಗೆ ನೀರು ಬಿಟ್ಟಿದ್ದರಿಂದ ಪಂಪು ಕೇಳಿಕೊಂಡು ಬರುವವರಿರಲಿಲ್ಲ. ಅಂಗಡಿಯ ಹಿಂದೆ ಕೂತು ಖಾಲಿ ಡಬ್ಬಗಳ ಮೇಲೆ ಅಭ್ಯಾಸ ಮಾಡುತ್ತಿದ್ದೆ. ಸೊಂಟ ನೋಯುತ್ತಿತ್ತು. ಭಾನುವಾರ ಬೆಳಗ್ಗೆ ನಾನೂ ನನ್ನ ಹೆಂಡತಿ ಸುಮಾಳೂ ಬಸ್ಸಿನಲ್ಲಿ ಸೊರಬಕ್ಕೆ ಹೋದೆವು. ಹಬ್ಬ ಎಂದಿದ್ದಕ್ಕೆ ಅವಳು ಹಸಿರು ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದಿದ್ದಳು.

ಬಸ್ಸಿಳಿದು ತಲೆಯೆತ್ತಿದಾಗ ಸರ್ಕಲ್ಲಿನಲ್ಲಿ ನನ್ನ ಮುಖ ಕಂಡಿತು. ಇಪ್ಪತ್ತರ ವಯಸ್ಸಿನ ಮುಖ, ಒಂದು ಕಣ್ಣು ಕೂದಲಿನೊಳಗೆ. ಯಾರೋ ಫ್ಲೆಕ್ಸಿಗೆ ಸೇವಂತಿಗೆ ಹಾರ ಹಾಕಿದ್ದರು. ನನ್ನ ಕಾಲು ಅಲ್ಲೇ ನಿಂತಿತು. ಪಕ್ಕದಲ್ಲಿ ಜಡೆ ಊರಿನ ಬಸ್ಸಿಗೆ ಕಾಯುತ್ತಿದ್ದವರೊಬ್ಬರು ತಾವಾಗಿಯೇ ಮಾತು ತೆಗೆದರು.

"ಒಂದೇ ಟೆಂಪೋದಾಗೆ ಇದ್ರಂತೆ ನೋಡ್ರೀ. ಎಲ್ಲಾ ಸ್ನೇಹಿತ್ರು."

"ಯಾರು ಹೇಳಿದ್ರು?" ಎಂದೆ.

"ಯಾರ್ ಹೇಳ್ಬೇಕ್ರೀ? ಇಷ್ಟು ಜನ ಒಂದೇ ಫ್ಲೆಕ್ಸಲ್ಲಿ ಅಂದ್ರೆ ತಿಳಿಯಲ್ವಾ? ಇವ್ರು ನಮ್ಮ ಜಡೆ ಕಡೆಯವ್ರೇ" ಎಂದು ನನ್ನ ಫೋಟೋಕ್ಕೆ ಕೈ ತೋರಿಸಿದರು. "ಶಿಕಾರಿಪುರದಾಗೆ ಅಂಗಡಿ ಇತ್ತು. ಭಾಳ ಒಳ್ಳೆ ಮನುಷ್ಯ ಅಂತೆ. ನಿಮಗೆ ಪರಿಚಯ ಇತ್ತೇನ್ರೀ?"

"ಸ್ವಲ್ಪ ಇತ್ತು" ಎಂದೆ. ಅದು ಸುಳ್ಳಲ್ಲ.

"ಕೂದ್ಲು ನೋಡ್ರೀ, ಎಷ್ಟ್ ಚಂದ ಇತ್ತು. ಪಾಪ. ಇಸವಿ ಮಾತ್ರ ತಪ್ಪು ಹಾಕ್ಯಾರೆ. ಐದ್ ವರ್ಷದ ಹುಡುಗನಿಗೆ ಮೀಸೆ ಬರ್ತದಾ? ಈ ಫ್ಲೆಕ್ಸಿನೋರಿಗೆ ಗ್ಯಾನವೇ ಇರಲ್ಲ." ಅವರು ನನ್ನ ಬೋಳು ತಲೆಯನ್ನೊಮ್ಮೆ ನೋಡಿ, ಏನೂ ಗುರುತು ಹತ್ತದೆ, ಬಸ್ಸು ಹತ್ತಿದರು.

ಸುಮಾ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಅಳುತ್ತಿದ್ದಾಳೆ ಎಂದುಕೊಂಡೆ. ನಗುತ್ತಿದ್ದಳು.

ಆ ನಗು ಭವನದ ಬಾಗಿಲವರೆಗೆ ಮಾತ್ರ ಉಳಿಯಿತು. ಒಳಗೆ ಕುರ್ಚಿಗಳೆಲ್ಲ ತುಂಬಿದ್ದವು. ಮುಂದಿನ ಸಾಲಿನಲ್ಲಿ ಜಡೆಯ ನಮ್ಮ ಬಸಪ್ಪ ಚಿಕ್ಕಪ್ಪ, ಅವರ ಪಕ್ಕದಲ್ಲಿ ಹೊಸಬಾಳೆಯ ನೆಂಟರು, ಹಿಂದೆ ನಾನು ಮದುವೆ ಮನೆಗಳಲ್ಲಿ ಮಾತ್ರ ಕಂಡಿದ್ದ ಮುಖಗಳು. ಇವರಲ್ಲಿ ಒಬ್ಬರೂ ನನಗೆ ಫೋನ್ ಮಾಡಿ ಕೇಳಿರಲಿಲ್ಲ. ತೀರಿಹೋದವನಿಗೆ ಫೋನ್ ಮಾಡುವುದು ಹೇಗೆ? ಮನೆಯವರಿಗೆ ಮಾಡೋಣವೆಂದರೆ, ಅಂಥ ಸುದ್ದಿಯನ್ನು ಫೋನಿನಲ್ಲಿ ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಎದ್ದು ಬಂದು ಮುಖ ತೋರಿಸಬೇಕು. ಎಲ್ಲರೂ ಎದ್ದು ಬಂದಿದ್ದರು. ಹೂ ಮುಡಿದು ರೇಷ್ಮೆ ಸೀರೆಯಲ್ಲಿ ಒಳಗೆ ಬಂದ ಸುಮಾಳನ್ನು ಕಂಡು ಹೆಂಗಸರು, "ಅಯ್ಯೋ, ಇವಳಿಗಿನ್ನೂ ಯಾರೂ ಹೇಳಿಲ್ಲ" ಎಂದು ಗಟ್ಟಿಯಾಗಿ ಅಳತೊಡಗಿದರು. ನಾನು ಅವಳ ಹಿಂದೆಯೇ ನುಗ್ಗುವವನಿದ್ದೆ. ಅಷ್ಟರಲ್ಲಿ ಗಿರೀಶ ನನ್ನ ಅಂಗಿ ಹಿಡಿದು ಪಕ್ಕದ ಬಾಗಿಲಿನಿಂದ ವೇದಿಕೆಯ ಹಿಂದಕ್ಕೆ ಎಳೆದುಕೊಂಡು ಹೋದ.

ಫ್ಲೆಕ್ಸಿನಲ್ಲಿ ಅವನ ಫೋಟೋವೂ ಇತ್ತು. ಆದರೆ ಅದನ್ನು ಕಟ್ಟಿದವನು ಅವನೇ ಆದ್ದರಿಂದ, ಇವನೊಬ್ಬ ಉಳಿದಿದ್ದಾನೆ ಎಂದು ಜನ ತೀರ್ಮಾನಿಸಿ ಬೆಳಗ್ಗೆಯಿಂದ ಅವನ ಕೈ ಹಿಡಿದು ಸಮಾಧಾನ ಹೇಳುತ್ತಿದ್ದರಂತೆ.

"ಹೋಗಿ ಹೇಳ್ತೀನಿ" ಎಂದೆ. "ಚಿಕ್ಕಪ್ಪ ಅಳ್ತಿದಾರೆ ಕಣೋ."

"ಹೇಳು. ಯಾರ್ ಬ್ಯಾಡ ಅಂದ್ರು?" ಎಂದ ಗಿರೀಶ. "ಹೇಳಿದ್ ಕೂಡ್ಲೆ ಎಲ್ಲಾ ಎದ್ದು ಮನೆಗ್ ಹೋಗ್ತಾರೆ. ಇಷ್ಟು ಜನ ನಮ್ಮೆದುರಿಗೆ ಯಾವತ್ತಾದ್ರೂ ಕೂತಿದ್ರಾ? ಒಂದೇ ಹಾಡು ಕಣೋ. ಮುಗಿಸಿ, ಆಮೇಲೆ ಬದುಕಿ ಬಾ."

ನಾನು ಚಿಕ್ಕಪ್ಪನ ಕಡೆ ನೋಡಿದೆ, ಡ್ರಮ್ಸಿನ ಕಡೆ ನೋಡಿದೆ. ಚಿಕ್ಕಪ್ಪ ಗಟ್ಟಿ ಮನುಷ್ಯ, ಒಂದು ಹಾಡಿನಷ್ಟು ಹೊತ್ತು ತಡೆದಾರು ಎಂದು ನನಗೆ ನಾನೇ ಹೇಳಿಕೊಂಡೆ. ಹೋಗಿ ಡ್ರಮ್ಸಿನ ಹಿಂದೆ ಕೂತೆ. ಇನ್ನೊಂದು ಫ್ಲೆಕ್ಸನ್ನು ಗಿರೀಶ ಡ್ರಮ್ಸಿನ ಮುಂದೆಯೇ ಕಟ್ಟಿದ್ದ. ಯಾರೋ ಅದರ ಎದುರು ಕುರ್ಚಿಯಿಟ್ಟು ದೀಪ ಹಚ್ಚಿದ್ದರು. ಗಾಳಿ ಹಾಯಲೆಂದು ಫ್ಲೆಕ್ಸಿನಲ್ಲಿ ಅಲ್ಲಲ್ಲಿ ಕೊಯ್ದಿರುತ್ತಾರಲ್ಲ, ಅಂಥದ್ದೊಂದು ಸೀಳು ನನ್ನ ಫೋಟೋದ ಗಲ್ಲದ ಕೆಳಗಿತ್ತು. ಅದರಿಂದ ಎಲ್ಲವೂ ಕಾಣುತ್ತಿತ್ತು.

ಸುಮಾ ಕೈ ಬಿಡಿಸಿಕೊಳ್ಳುತ್ತ ಹೇಳುತ್ತಿದ್ದಳು: "ಅವ್ರಿಗೇನೂ ಆಗಿಲ್ಲ ಕಣ್ರೀ. ಈಗಷ್ಟೇ ನನ್ ಜೊತೆ ಬಸ್ಸಲ್ಲಿ ಬಂದ್ರು."

ವಯಸ್ಸಾದ ಹೆಂಗಸೊಬ್ಬರು ಅವಳ ತಲೆಯನ್ನು ತಮ್ಮ ಎದೆಗೆ ಒತ್ತಿಕೊಂಡರು. "ಹೌದವ್ವಾ, ಜೊತೆಗೇ ಇರ್ತಾನೆ. ಎಲ್ಲಿ ಹೋಗ್ತಾನೆ?"

"ಅಲ್ಲೇ ಇದಾರೆ ಅಜ್ಜೀ, ಆ ಫೋಟೋದ ಹಿಂದೆ!"

"ಇರ್ತಾನೆ, ಇರ್ತಾನೆ. ನೀ ಸ್ವಲ್ಪ ನೀರು ಕುಡಿ."

ಸುಮಾ ಸುಸ್ತಾಗಿ ನೀರು ಕುಡಿದಳು.

ಗಿರೀಶ ಮೈಕಿನ ಮುಂದೆ ನಿಂತು ನೇರವಾಗಿ ಗಿಟಾರು ಮೀಟಿದ. ಕೆಲವರು ಮುಖ ಮುಖ ನೋಡಿಕೊಂಡರು. ನುಡಿನಮನದ ಮೊದಲು ಹಾಡಿರುವುದು ನಮ್ಮಲ್ಲಿ ರೂಢಿ; ಈಗಿನ ಹುಡುಗರು ಹೀಗೆ ಹಾಡುತ್ತಾರೇನೋ ಎಂದು ಸುಮ್ಮನಾದರು. ನಾನು ಕೋಲು ಎತ್ತಿದೆ. "ಯಾಕೆ ಹೋದೆ, ಹೇಳದೇ ಯಾಕೆ ಹೋದೆ" ಎಂದು ಗಿರೀಶ ಕಿರುಚಿದ. ಕಾಲೇಜಿನಲ್ಲಿ ಇದೇ ಸಾಲಿಗೆ ಜನ ನಕ್ಕಿದ್ದರು. ಇಲ್ಲಿ ಮೂರನೆಯ ಸಾಲಿನಿಂದ ಒಬ್ಬರು ಬಿಕ್ಕಿದರು, ಆಮೇಲೆ ಐದನೆಯ ಸಾಲು, ಆಮೇಲೆ ಇಡೀ ಎಡಬದಿ. ಅವನು ಇನ್ನೂ ಗಟ್ಟಿಯಾಗಿ ಕಿರುಚಿದ. ಪಾಪ, ಎಷ್ಟು ಸಂಕಟ ಇರಬೇಕು ಇವನಿಗೆ ಎಂಬಂತೆ ಅವರು ತಲೆಯಾಡಿಸಿದರು. ಯಾರೂ ಮೈಕು ನಿಲ್ಲಿಸಲಿಲ್ಲ. ಯಾರೂ ಎದ್ದು ಹೋಗಲಿಲ್ಲ. ಇಂಥ ಸಭೆಯಿಂದ ನಡುವೆ ಎದ್ದು ಹೋಗುವ ಎದೆಗಾರಿಕೆ ಯಾರಿಗಿದೆ? ನಾವು ಮೈಕು ನಿಂತಿದ್ದ ಜಾಗ ದಾಟಿದೆವು. ಅಲ್ಲಿಂದ ಮುಂದಿನದನ್ನು ಜನರೆದುರು ಎಂದೂ ನುಡಿಸಿರಲಿಲ್ಲ. ನನ್ನ ತಾಳ ತಪ್ಪಿತು, ಹಿಡಿದುಕೊಂಡೆ. ನನಗೂ ಕಣ್ಣಲ್ಲಿ ನೀರು ಬಂತು. ಹಾಡು ಮುಗಿಯಿತು. ಪೂರ್ತಿ ಮುಗಿಯಿತು.

ಎಲ್ಲರೂ ಎದ್ದು ನಿಂತರು. ಒಂದು ಕ್ಷಣ ನನಗೆ ಎದೆಯುಬ್ಬಿತು. ಅವರು ತಲೆ ತಗ್ಗಿಸಿದಾಗ ಮೌನಾಚರಣೆ ಎಂದು ತಿಳಿಯಿತು.

ಇನ್ನು ತಡೆಯಲಾಗಲಿಲ್ಲ. ಕೋಲುಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಫ್ಲೆಕ್ಸನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದು ಕೈ ಮುಗಿದೆ. ಮೊದಲು ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಯಾರೋ ಚೀರಿದರು, ಯಾರೋ ಬೈದರು, ಅಜ್ಜಿ ಸುಮಾಳನ್ನು ಬಿಟ್ಟು ಹಣೆ ಹಣೆ ಬಡಿದುಕೊಂಡರು. ಬಸಪ್ಪ ಚಿಕ್ಕಪ್ಪ ವೇದಿಕೆಯವರೆಗೆ ಬಂದು, ನನ್ನ ಕೆನ್ನೆ ಮುಟ್ಟಿ, ತೋಳು ಮುಟ್ಟಿ, ಹೊಡೆಯಲು ಕೈಯೆತ್ತಿ, ಅದೇ ಕೈಯಿಂದ ಕಣ್ಣೊರೆಸಿಕೊಂಡರು. ಅವರ ಎದುರು ನಿಲ್ಲಲು ನನಗೆ ಮುಖವಿರಲಿಲ್ಲ. "ಎಲ್ಲಾ ಆಮೇಲೆ ಹೇಳ್ತೀನಿ ಚಿಕ್ಕಪ್ಪ" ಎನ್ನುವಷ್ಟರಲ್ಲಿ ಗಿರೀಶ ಹಿಂದಿನಿಂದ ಎರಡನೆಯ ಹಾಡಿಗೆ ಗಿಟಾರು ಮೀಟಿದ. ನನ್ನ ಕೈ ತಾನಾಗಿ ಕೋಲಿನತ್ತ ಹೋಯಿತು.

ಚಿಕ್ಕಪ್ಪ ಆ ಕೈ ಹಿಡಿದುಕೊಂಡರು.

"ಬದುಕಿದೀಯಲ್ಲ ತಮ್ಮಾ, ನಮಗಷ್ಟು ಸಾಕು. ಇನ್ನ ಬಾರಿಸ್ಬ್ಯಾಡ. ಇಳಿ ಕೆಳಗೆ."

ಕೋಲು ಕೆಳಗಿಟ್ಟು ಇಳಿದೆ. ಆಗ ಇಡೀ ಭವನ ಚಪ್ಪಾಳೆ ತಟ್ಟಿತು. ನನ್ನ ಜೀವನದ ಮೊದಲ ಚಪ್ಪಾಳೆ ಅದು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಬಹಳ ಹೊತ್ತು ಯೋಚಿಸಿ ಸುಮಾಳನ್ನು ಕೇಳಿದೆ: "ಅವ್ರು ಚಪ್ಪಾಳೆ ತಟ್ಟಿದ್ದು ನಾನು ಬದುಕಿದ್ದಕ್ಕಾ, ಬಾರಿಸೋದು ನಿಲ್ಸಿದ್ದಕ್ಕಾ?"

ಅವಳು ಬಾಡಿದ ಮಲ್ಲಿಗೆಯನ್ನು ತೆಗೆದು ಕಿಟಕಿಯಿಂದಾಚೆ ಹಾಕುತ್ತ, "ಎರಡೂ ಒಟ್ಟಿಗೇ ಆಯ್ತಲ್ಲ ರೀ" ಎಂದಳು. "ಸುಮ್ನೆ ಯಾಕೆ ಬೇರೆ ಬೇರೆ ಮಾಡಿ ಕೇಳ್ತೀರಿ?"